ಅರ್ಧ ಬೆಲೆಯ ಹೆಡ್‌ಫೋನ್, ಪೂರ್ತಿ ಪರೀಕ್ಷೆ

ಬೈಲಹೊಂಗಲದ ಮಾರುಕಟ್ಟೆಯಲ್ಲಿ ಹತ್ತಿ ಕೊಳ್ಳುವವರು ಚೀಲದ ಬಾಯಿ ನೋಡಿ ದರ ಹೇಳುವುದಿಲ್ಲ. ಒಳಗೆ ಕೈ ಹಾಕಿ, ನಡುವಿನಿಂದ ಒಂದು ಹಿಡಿ ತೆಗೆದು, ಬೆರಳುಗಳ ನಡುವೆ ಹಿಂಜಿ ಎಳೆಯ ಉದ್ದ ನೋಡುತ್ತಾರೆ. ತೇವ ಇದೆಯೇ, ಕಸ ಸೇರಿದೆಯೇ ಎಂಬುದನ್ನು ಅಂಗೈಯಲ್ಲೇ ತೀರ್ಮಾನಿಸುತ್ತಾರೆ. ಅದೇ ಊರಿನ ಸಂಗೀತದ ಹುಚ್ಚಿನ ಹುಡುಗ ಹದಿನೈದು ಸಾವಿರ ರೂಪಾಯಿಯ ಹೆಡ್‌ಫೋನನ್ನು ನಡುರಾತ್ರಿ ಮೊಬೈಲ್ ಪರದೆ ನೋಡಿಯೇ ಕೊಳ್ಳುತ್ತಾನೆ. ಮುಟ್ಟಿರುವುದಿಲ್ಲ, ತೂಕ ಗೊತ್ತಿಲ್ಲ, ಸದ್ದಂತೂ ಕೇಳಿಯೇ ಇಲ್ಲ. ಕಣ್ಣಿಗೆ ಬಿದ್ದಿರುವುದು ಒಂದೇ: ಕೆಂಪಕ್ಷರದ ‘ಶೇ 50 ರಿಯಾಯಿತಿ’.

ಅವನನ್ನು ದೂರುವಂತಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಪೇಟೆಗಳಲ್ಲಿ ಇಯರ್‌ಫೋನ್ ಬೇಕಾದಷ್ಟು ಸಿಗುತ್ತವೆ. ಮೊಬೈಲ್ ಅಂಗಡಿಯ ಗೋಡೆಗೆ ಸಾಲಾಗಿ ತೂಗುಬಿಟ್ಟಿರುತ್ತಾರೆ. ಆದರೆ ಸೆನ್‌ಹೈಸರ್ ಕಂಪನಿಯ 300 ಓಮ್ ತಡೆಯ ಜೋಡಿಯನ್ನೋ ಹೈಫೈಮ್ಯಾನ್ ಕಂಪನಿಯ ‘ಪ್ಲೇನಾರ್’ ಬಗೆಯ ಜೋಡಿಯನ್ನೋ ಕಿವಿಗಿಟ್ಟು ಕೇಳಿ ಕೊಳ್ಳುತ್ತೇನೆ ಎಂದರೆ ಈ ನಾಲ್ಕು ಊರುಗಳಲ್ಲಿ ಜಾಗ ಹುಡುಕುವುದು ಕಷ್ಟ. ದೊಡ್ಡ ಊರಿಗೆ ಹೋಗಿ ಕೇಳೋಣವೆಂದರೆ ಕಿತ್ತೂರಿಗೆ ಪುಣೆ–ಬೆಂಗಳೂರು ಹೆದ್ದಾರಿ ಇದೆ, ಉಳಿದ ಮೂರಕ್ಕೆ ಅದೂ ಇಲ್ಲ. ರೈಲು ಇವುಗಳಲ್ಲಿ ಯಾವ ಊರಿಗೂ ಬಂದಿಲ್ಲ. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ಹಾಯುವ ಹೊಸ ಮಾರ್ಗ ಇನ್ನೂ ಆಗಬೇಕಿದೆ. ಹಾಗಾಗಿ ಪರೀಕ್ಷೆ ಮಾಡುವ ಕೋಣೆ, ಕೊಳ್ಳುವ ಅಂಗಡಿ, ದೂರು ಕೊಡುವ ಕೌಂಟರ್ ಎಲ್ಲವೂ ಒಂದೇ ಕಡೆ, ಕೈಯಲ್ಲಿರುವ ಮೊಬೈಲಿನಲ್ಲಿ.

ರಿಯಾಯಿತಿಯ ಹಂಗಾಮು ಬರುವುದೂ ಇಲ್ಲಿನ ಹಬ್ಬದ ಹೊತ್ತಿಗೇ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಪಡೆ ಬ್ರಿಟಿಷರನ್ನು ಸೋಲಿಸಿದ ನೆನಪಿಗೆ ಪ್ರತಿವರ್ಷ ಅದೇ ದಿನ ಕಿತ್ತೂರು ಉತ್ಸವ ಶುರುವಾಗುತ್ತದೆ. ದಸರೆ–ದೀಪಾವಳಿಯ ಆಸುಪಾಸಿನ ಇದೇ ದಿನಗಳಲ್ಲಿ ಆನ್‌ಲೈನ್ ಮಳಿಗೆಗಳ ಮಾರಾಟ ಮೇಳಗಳೂ ನಡೆಯುತ್ತವೆ. ಫ್ಲಿಪ್‌ಕಾರ್ಟ್ 2014ರ ಅಕ್ಟೋಬರ್ 6ರಂದು ಮೊದಲ ಬಾರಿ ‘ಬಿಗ್ ಬಿಲಿಯನ್ ಡೇ’ ನಡೆಸಿದಾಗ ಜಾಲತಾಣವೇ ಕುಸಿದು, ಸಂಸ್ಥಾಪಕರು ಗ್ರಾಹಕರ ಕ್ಷಮೆ ಕೇಳಿ ಪತ್ರ ಬರೆಯಬೇಕಾಯಿತು. ಅಂದಿನಿಂದ ಹಬ್ಬವೆಂದರೆ ಸೇಲ್.

ಇಷ್ಟಕ್ಕೂ ಬೆಲೆ ಇಳಿಯುವುದೇಕೆ? ಕಾರಣ ಹಲವು, ಎಲ್ಲವೂ ಕೆಟ್ಟವಲ್ಲ. ಒಳ್ಳೆಯ ಕಾರಣಕ್ಕೆ ಪ್ರಸಿದ್ಧ ಉದಾಹರಣೆ ಎಚ್‌ಡಿ 6ಎಕ್ಸ್‌ಎಕ್ಸ್. ಸೆನ್‌ಹೈಸರ್‌ನ ಎಚ್‌ಡಿ 650 ಬಂದದ್ದು 2003ರಲ್ಲಿ. ಅಮೆರಿಕದಲ್ಲಿ ಅದರ ಪಟ್ಟಿ ಬೆಲೆ 500 ಡಾಲರಿನ ಮಟ್ಟದಲ್ಲಿತ್ತು. 2016ರಲ್ಲಿ ಮ್ಯಾಸ್‌ಡ್ರಾಪ್ ಎಂಬ ಅಮೆರಿಕದ ಮಾರಾಟ ಸಂಸ್ಥೆ ಸೆನ್‌ಹೈಸರ್ ಜೊತೆ ಕೈಜೋಡಿಸಿ, ಅದನ್ನೇ ಬಣ್ಣ ಬದಲಿಸಿ, ವೈರು ಗಿಡ್ಡ ಮಾಡಿ, ಸಾದಾ ಡಬ್ಬಿಯಲ್ಲಿ ಹಾಕಿ ಎಚ್‌ಡಿ 6ಎಕ್ಸ್‌ಎಕ್ಸ್ ಎಂಬ ಹೆಸರಿನಲ್ಲಿ 200 ಡಾಲರಿಗೆ ಮಾರಿತು. ಜನರಿಂದ ಮುಂಗಡ ಹಣ ಪಡೆದು ಒಟ್ಟಿಗೆ ಮಾಡಿಸಿದ್ದರಿಂದ ಅಂಗಡಿಯವನ ಪಾಲು, ಗೋದಾಮಿನ ಬಾಡಿಗೆ ಎರಡೂ ಉಳಿದವು. ಬೆಲೆ ಇಳಿದದ್ದು ಎಲ್ಲಿಂದ ಎಂದು ಬೆರಳಿಟ್ಟು ತೋರಿಸಬಹುದಾದ ರಿಯಾಯಿತಿ ಅದು.

ಹೈಫೈಮ್ಯಾನ್‌ನ ಕಥೆ ಬೇರೆ. ಅದರ ಸುಂದರ ಎಂಬ ಮಾದರಿ (ಹೌದು, ಹೆಸರು ಸುಂದರವೇ) ಬಂದಾಗ 500 ಡಾಲರ್ ಇತ್ತು. ಕೆಲವೇ ವರ್ಷಗಳಲ್ಲಿ 300ಕ್ಕೆ ಇಳಿಯಿತು. ಸಾವಿರ ಡಾಲರಿಗೆ ಬಂದ ಆನಂದ ಅದರ ಅರ್ಧಕ್ಕಿಂತಲೂ ಕೆಳಗೆ ಬಂತು. ಹೊಸ ಮಾದರಿಗಳು ಒಂದರ ಮೇಲೊಂದು ಬಂದ ಹಾಗೆ ಹಳೆಯವುಗಳ ಬೆಲೆ ಬೀಳುತ್ತದೆ. ಧ್ವನಿಯ ದೃಷ್ಟಿಯಿಂದ ಕೊಂಡವನಿಗೆ ಲಾಭವೇ. ಆದರೆ ಪ್ಲೇನಾರ್ ತಂತ್ರಜ್ಞಾನ ತುಸು ನಾಜೂಕಿನದು. ಸಾಮಾನ್ಯ ಹೆಡ್‌ಫೋನಿನಲ್ಲಿ ಪುಟ್ಟ ಸ್ಪೀಕರಿನಂತೆ ಸುರುಳಿ, ಅಯಸ್ಕಾಂತ, ಕೋನ್ ಇರುತ್ತವೆ. ಪ್ಲೇನಾರ್‌ನಲ್ಲಿ ತಂತಿಯ ಗೆರೆ ಎಳೆದ ಅತಿ ತೆಳು ಹಾಳೆಯೊಂದು ಅಯಸ್ಕಾಂತಗಳ ಎದುರು ಬಿಗಿದು ನಿಂತಿರುತ್ತದೆ. ಬಿಗಿ ಒಂದು ಕಡೆ ಸಡಿಲವಾದರೆ, ಗೆರೆ ಎಲ್ಲೋ ಬಿಟ್ಟರೆ, ಎರಡು ಕಿವಿಯ ಹಾಳೆಗಳು ಒಂದಕ್ಕೊಂದು ಹೊಂದದಿದ್ದರೆ ಪೆಟ್ಟಿಗೆಯ ಹೊರಗಿನಿಂದ ಏನೂ ಕಾಣುವುದಿಲ್ಲ. ಈ ಬಗೆಯ ಹೆಡ್‌ಫೋನ್ ಅಗ್ಗವಾದಷ್ಟೂ ‘ನನ್ನ ಜೋಡಿ ಚೆನ್ನಾಗಿ ಬಂತು, ಗೆಳೆಯನದು ಬರಲಿಲ್ಲ’ ಎಂಬ ಮಾತು ಕೊಂಡವರ ನಡುವೆ ಜಾಸ್ತಿ ಕೇಳಿಬರುತ್ತದೆ.

ಗುಣಮಟ್ಟ ನಿಯಂತ್ರಣವೆಂದರೆ ಕೊನೆಗೆ ಯಾರೋ ಒಬ್ಬರು ಕೂತು ಪ್ರತಿ ಜೋಡಿಯನ್ನೂ ಅಳೆಯುವ ಕೆಲಸ. ಎಡ–ಬಲ ಹೊಂದಿಸಲು ಡ್ರೈವರ್‌ಗಳನ್ನು, ಅಂದರೆ ಸದ್ದು ಹೊಮ್ಮಿಸುವ ಭಾಗಗಳನ್ನು, ಅಳೆದು ಆರಿಸಬೇಕು, ಹೊಂದದ್ದನ್ನು ಪಕ್ಕಕ್ಕಿಡಬೇಕು. ಇದಕ್ಕೆ ಯಂತ್ರ ಬೇಕು, ಮನುಷ್ಯ ಬೇಕು, ಹೊತ್ತು ಬೇಕು. ಮೂರಕ್ಕೂ ದುಡ್ಡು ಹೋಗುತ್ತದೆ. ಹತ್ತರಲ್ಲಿ ಒಂದನ್ನು ಅಳೆದು ಉಳಿದದ್ದನ್ನು ಹಾಗೇ ಡಬ್ಬಿಗೆ ತುಂಬಿದರೆ ಉಳಿತಾಯ. ಆಗ ಉಳಿದ ಒಂಬತ್ತನ್ನು ಪರೀಕ್ಷಿಸುವವರು ಕೊಂಡವರು. ಭಾರಿ ರಿಯಾಯಿತಿ ಎಂದರೆ ಎಷ್ಟೋ ಸಲ ಕಾರ್ಖಾನೆಯ ಕೊನೆಯ ಮೇಜು ಬೈಲಹೊಂಗಲದ ಮನೆಯ ಪಡಸಾಲೆಗೆ ಬಂದಿದೆ ಎಂದೇ ಅರ್ಥ. ಕೊಂಡವರಿಗೆ ಆ ಕೆಲಸ ಬರುತ್ತಿದ್ದರೆ ಇದರಲ್ಲಿ ನಷ್ಟವಿಲ್ಲ. ಬರದಿದ್ದರೆ ಉಳಿಸಿದ ದುಡ್ಡು ಕೊರಿಯರ್‌ಗೆ, ಫೋನ್ ಕರೆಗಳಿಗೆ, ತಲೆನೋವಿಗೆ ಹೋಗುತ್ತದೆ.

ಬ್ರಾಂಡಿನ ಹೆಸರನ್ನೇ ನೆಚ್ಚಿಕೊಂಡರೂ ಸಾಲದು. 1947ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಎಕೆಜಿ ಎಂಬ ಹೆಡ್‌ಫೋನ್ ಬ್ರಾಂಡ್ ಹಾರ್ಮನ್ ಕಂಪನಿಯ ಕೈಸೇರಿ, ಹಾರ್ಮನ್ 2017ರಲ್ಲಿ ಸ್ಯಾಮ್‌ಸಂಗ್ ಪಾಲಾಯಿತು. ಅದೇ ವರ್ಷ ವಿಯೆನ್ನಾದ ಕಚೇರಿಗೆ ಬೀಗ ಬಿತ್ತು, ಅಲ್ಲಿದ್ದ ಎಂಜಿನಿಯರುಗಳು ಆಸ್ಟ್ರಿಯನ್ ಆಡಿಯೊ ಎಂಬ ಬೇರೆ ಕಂಪನಿ ಕಟ್ಟಿದರು. ಸೆನ್‌ಹೈಸರ್‌ನ ಗ್ರಾಹಕ ವಿಭಾಗ 2022ರಲ್ಲಿ ಸ್ವಿಟ್ಜರ್ಲೆಂಡಿನ ಸೋನೋವಾ ಕಂಪನಿಗೆ ಹೋಯಿತು. ಹತ್ತು ವರ್ಷದ ಹಿಂದೆ ಮಾವನೋ ಸೀನಿಯರೋ ಕೊಂಡು ಹೊಗಳಿದ ಹೆಡ್‌ಫೋನಿಗೂ ಇಂದು ಅದೇ ಹೆಸರಿನಲ್ಲಿ ಬರುವುದಕ್ಕೂ ಕಾರ್ಖಾನೆ ಒಂದೇ ಎಂದುಕೊಳ್ಳುವಂತಿಲ್ಲ. ಹೊಸ ಕಾರ್ಖಾನೆಯದು ಕಳಪೆಯೇ ಇರಬೇಕೆಂದೂ ಇಲ್ಲ. ಕೊಳ್ಳುವುದು ಇವತ್ತಿನ ಜೋಡಿಯನ್ನು, ಹಳೆಯ ಹೊಗಳಿಕೆಯನ್ನಲ್ಲ.

ಪಾರ್ಸೆಲ್ ಬಂದ ಮೇಲಿನ ಕೆಲಸ ಈಗ.

ಮೊದಲು ಡಬ್ಬಿಯ ಹೊರಮೈ. ಆಮದು ಸರಕಿನ ಮೇಲೆ ಆಮದುದಾರರ ಹೆಸರು–ವಿಳಾಸ, ತಯಾರಾದ ದೇಶ, ತಿಂಗಳು ಮತ್ತು ವರ್ಷ, ಎಂಆರ್‌ಪಿ, ದೂರಿಗೆ ಫೋನ್ ಸಂಖ್ಯೆ ಇರಲೇಬೇಕು ಎಂದು 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳು ಹೇಳುತ್ತವೆ. ಸಾಮಾನ್ಯವಾಗಿ ಬಿಳಿ ಚೀಟಿಯೊಂದನ್ನು ಡಬ್ಬಿಯ ಬೆನ್ನಿಗೆ ಅಂಟಿಸಿರುತ್ತಾರೆ. ಆ ಚೀಟಿಯೇ ಇಲ್ಲ ಎಂದರೆ ಸರಕು ಅಡ್ಡದಾರಿಯಲ್ಲಿ ದೇಶಕ್ಕೆ ಬಂದಿರುವ ಸಾಧ್ಯತೆ ಹೆಚ್ಚು. ಸರಕು ಅಸಲಿಯೇ ಇರಬಹುದು, ಆದರೆ ಭಾರತದಲ್ಲಿ ಅದಕ್ಕೆ ವಾರಂಟಿ ಕೊಡುವ ಧಣಿ ಇರುವುದಿಲ್ಲ. ಬ್ಲೂಟೂತ್ ಹೆಡ್‌ಫೋನ್ ಆದರೆ ಇನ್ನೊಂದು ಗುರುತು ನೋಡಬೇಕು: ಭಾರತೀಯ ಮಾನಕ ಬ್ಯೂರೋದ ನೋಂದಣಿ ಚಿಹ್ನೆ, ಜೊತೆಗೆ ‘ಆರ್‌’ ಅಕ್ಷರದಿಂದ ಶುರುವಾಗುವ ಸಂಖ್ಯೆ. ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹೊಡೆದರೆ ಅದು ಯಾರ ಹೆಸರಿಗಿದೆ ಎಂದು ತೋರಿಸುತ್ತದೆ.

ತಯಾರಿಕೆಯ ತಿಂಗಳು ಬರಿಯ ಔಪಚಾರಿಕ ಮಾಹಿತಿಯಲ್ಲ. ಹೆಡ್‌ಫೋನಿನ ಕಿವಿದಿಂಬಿಗೆ ಹಾಕುವ ನಕಲಿ ಚರ್ಮ ಹೆಚ್ಚಾಗಿ ಪಾಲಿಯುರೆಥೇನ್. ಗಾಳಿಯ ತೇವ ಸಾಕು, ಬಳಸದೆ ಡಬ್ಬಿಯಲ್ಲಿಟ್ಟರೂ ಅದು ವರ್ಷಗಟ್ಟಲೆ ನಿಧಾನ ಕೆಡುತ್ತದೆ. ಒಂದು ದಿನ ಕಪ್ಪು ಚಕ್ಕೆಗಳು ಕಿವಿಗೆ, ಕೂದಲಿಗೆ ಅಂಟತೊಡಗುತ್ತವೆ. ಮೂರು–ನಾಲ್ಕು ವರ್ಷ ಗೋದಾಮಿನಲ್ಲಿ ಕೂತ ಸರಕನ್ನು ಅರ್ಧ ಬೆಲೆಗೆ ಕೊಂಡರೆ ದಿಂಬಿನ ಆಯಸ್ಸೂ ಅರ್ಧ ಮುಗಿದಿರುತ್ತದೆ. ಬ್ಯಾಟರಿ ಇರುವ ಮಾದರಿಗಳಲ್ಲಿ ಲಿಥಿಯಂ ಕೋಶಗಳೂ ಅಷ್ಟೇ, ಚಾರ್ಜ್ ಪೂರ್ತಿ ಇಳಿದು ತಿಂಗಳುಗಟ್ಟಲೆ ಬಿದ್ದಿದ್ದರೆ ಮೊದಲ ದಿನವೇ ಸೊರಗಿರುತ್ತವೆ. ವೆಲ್ವೆಟ್ ದಿಂಬು, ವೈರಿನ ಜೋಡಿ, ಬಿಡಿಭಾಗ ಬೇರೆಯಾಗಿ ಸಿಗುವ ಮಾದರಿ: ಹಳೆ ಸರಕು ಕೊಳ್ಳುವುದಾದರೆ ಇದೇ ಕ್ಷೇಮ. ಎಚ್‌ಡಿ 600 ಸಾಲಿನ ಹೆಡ್‌ಫೋನುಗಳು 1997ರಿಂದ ಇಂದಿನವರೆಗೂ ಬಾಳಲು ಅವುಗಳ ಬಿಡಿಭಾಗಗಳನ್ನು ಕೈಯಲ್ಲೇ ಬಿಚ್ಚಿ ಬದಲಿಸಬಹುದಾದದ್ದೂ ಒಂದು ಕಾರಣ.

ಕಣ್ಣಿಗೆ ಅಸಲಿ–ನಕಲಿ ಗೊತ್ತಾಗುತ್ತದೆ ಎಂಬ ಭರವಸೆಯನ್ನು ಮಾತ್ರ ಯಾರೂ ಇಟ್ಟುಕೊಳ್ಳದಿರುವುದು ಒಳ್ಳೆಯದು. 2020ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕಸ್ಟಮ್ಸ್ ಇಲಾಖೆ ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ 2,000 ‘ನಕಲಿ ಏರ್‌ಪಾಡ್’ ಹಿಡಿದೆವೆಂದು ಹೆಮ್ಮೆಯಿಂದ ಪ್ರಕಟಿಸಿತು. ಚಿತ್ರದಲ್ಲಿದ್ದ ಡಬ್ಬಿಗಳ ಮೇಲೆ ಒನ್‌ಪ್ಲಸ್ ಬಡ್ಸ್ ಎಂದು ಸ್ಪಷ್ಟವಾಗಿ ಬರೆದಿತ್ತು. ಅವು ಇನ್ನೊಂದು ಕಂಪನಿಯ ಅಸಲಿ ಸರಕು! ವಿನ್ಯಾಸ ಆ್ಯಪಲ್‌ನದನ್ನು ಹೋಲುತ್ತದೆ ಎಂದು ಇಲಾಖೆ ಆಮೇಲೂ ಪಟ್ಟು ಹಿಡಿಯಿತು. ಕಸ್ಟಮ್ಸ್ ಅಧಿಕಾರಿಗಳ ಪಾಡೇ ಹೀಗಾದರೆ, ಡಬ್ಬಿಯ ಅಚ್ಚು ನೋಡಿ ‘ಒರಿಜಿನಲ್ ಐತಿ ಬಿಡೋ’ ಎನ್ನುವ ಗೆಳೆಯನ ಮಾತಿಗೆ ಎಷ್ಟು ಬೆಲೆ?

ಸದ್ದಿನ ಪರೀಕ್ಷೆಗೆ ಬೆಳಗಾವಿ ಸೀಮೆಯಲ್ಲೇ ಒಳ್ಳೆಯ ಸಾಮಗ್ರಿ ಇದೆ. ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ಎಳವೆಯ ಹಾಡುಗಳು, ಧಾರವಾಡದ ಮಗ್ಗುಲ ಮನ್ಸೂರಿನ ಮಲ್ಲಿಕಾರ್ಜುನ ಮನ್ಸೂರರ ಹಳೆಯ 78 ಆರ್‌ಪಿಎಂ ತಟ್ಟೆಗಳು ಮೊನೊ ಮುದ್ರಣಗಳು. ಅಂದರೆ ಎರಡೂ ಕಿವಿಗೆ ಹೋಗುವುದು ಒಂದೇ ಸದ್ದು. ಹೆಡ್‌ಫೋನ್ ಸರಿಯಿದ್ದರೆ ಗಾಯಕರ ಕಂಠ ಹುಬ್ಬುಗಳ ನಡುವೆ ಗೂಟ ಹೊಡೆದಂತೆ ನಿಲ್ಲಬೇಕು. ಎಡ–ಬಲಕ್ಕೆ ಒಂದು ಡೆಸಿಬಲ್ ವ್ಯತ್ಯಾಸ ಇದ್ದರೆ ಎಷ್ಟೋ ಜನರಿಗೆ ಗೊತ್ತಾಗುವುದಿಲ್ಲ. ಎರಡು–ಮೂರು ಡೆಸಿಬಲ್ ಆದರೆ ಹಾಡುವವರು ಒಂದು ಕಿವಿಯ ಕಡೆ ಸರಿದು ಕೂರುತ್ತಾರೆ. ಸರಿದರು ಎನಿಸಿದರೆ ಹೆಡ್‌ಫೋನನ್ನು ತಿರುಗಿಸಿ, ಎಡಗಿವಿಯದನ್ನು ಬಲಕ್ಕೆ ಹಾಕಿ ನೋಡಬೇಕು. ಕಂಠ ಮೊದಲಿನ ಕಿವಿಯಲ್ಲೇ ಉಳಿದರೆ ದೋಷ ಕಿವಿಯದು, ಗುಗ್ಗೆ ಇರಬಹುದು. ಕಂಠವೂ ಹೆಡ್‌ಫೋನಿನೊಂದಿಗೆ ತಿರುಗಿದರೆ ದೋಷ ಹೆಡ್‌ಫೋನಿನದು ಅಥವಾ ಮೊಬೈಲಿನದು. ಬೇರೆ ಮೊಬೈಲಿಗೆ ಹಾಕಿದರೆ ಎರಡರಲ್ಲಿ ಯಾವುದೆಂದು ತಿಳಿಯುತ್ತದೆ. ಕನ್ನಡಕದ ಕಡ್ಡಿ ದಿಂಬನ್ನು ಎತ್ತಿ ಹಿಡಿದರೂ ಒಂದು ಕಡೆಯ ಮಂದ್ರ ಸೋರಿಹೋಗುತ್ತದೆ, ಅದನ್ನು ತೆಗೆದಿಟ್ಟೇ ಕೇಳಬೇಕು.

ಇನ್ನೊಂದು ದೋಷ ಬಲು ಮೋಸದ್ದು. ಒಂದು ಕಡೆಯ ತಂತಿ ತಿರುಗುಮುರುಗಾಗಿ ಬೆಸೆದಿದ್ದರೆ ಎರಡೂ ಕಿವಿಯಲ್ಲಿ ಸದ್ದು ಬರುತ್ತದೆ, ಜೋರಾಗಿಯೇ ಬರುತ್ತದೆ. ಆದರೆ ಮೊನೊ ಹಾಡಿನ ಕಂಠ ನಡುವೆ ನಿಲ್ಲದೆ ತಲೆಯ ಸುತ್ತ ಹೊಗೆಯಂತೆ ಹರಡುತ್ತದೆ, ತಬಲಾದ ಡಗ್ಗ ಸೊರಗುತ್ತದೆ. ಎಷ್ಟೋ ಜನ ಇದನ್ನು ‘ವಿಶಾಲ ಸೌಂಡ್‌ಸ್ಟೇಜ್’ (ಸದ್ದಿನ ಹರವು) ಎಂದು ಮೆಚ್ಚಿಕೊಳ್ಳುವುದೂ ಉಂಟು.

ಆಮೇಲೆ 20 ಹರ್ಟ್ಸ್‌ನಿಂದ ನಿಧಾನ ಏರುವ ಪರೀಕ್ಷಾ ಸ್ವರ. ಯಾವುದೇ ಟೋನ್ ಜನರೇಟರ್ ಆ್ಯಪ್ ಸಾಕು, ಧ್ವನಿ ಸಣ್ಣದಿರಲಿ. 30–40 ಹರ್ಟ್ಸ್ ಹತ್ತಿರ ಒಂದು ಕಡೆ ಮಾತ್ರ ಪರಪರ ಸದ್ದು ಬಂದರೆ ಒಳಗೆ ಏನೋ ಸಡಿಲವಿದೆ ಅಥವಾ ಪೊರೆಗೆ ಕೂದಲೊಂದು ತಾಗುತ್ತಿದೆ. ಹಿಂಬದಿ ತೆರೆದಿರುವ ಹೆಡ್‌ಫೋನುಗಳಲ್ಲಿ ಈ ಕೂದಲಿನ ಕಾಟ ಸಾಮಾನ್ಯ. ‘ಓಪನ್ ಬಾಕ್ಸ್’ ಎಂದು ಮಾರುವ, ಈಗಾಗಲೇ ಯಾರೋ ಹಾಕಿ ವಾಪಸು ಕೊಟ್ಟ ಜೋಡಿಗಳಲ್ಲಿ ಇನ್ನೂ ಸಾಮಾನ್ಯ. ಪ್ಲೇನಾರ್ ಜೋಡಿಯನ್ನು ಕಿವಿಗೆ ಒತ್ತಿದಾಗ ಹಾಳೆ ಸುಕ್ಕಾದಂಥ ಸದ್ದು ಕೇಳಿಸಿದರೆ ಮತ್ತೆ ಮತ್ತೆ ಒತ್ತಿ ನೋಡಬಾರದು, ಒಳಗಿನ ಗಾಳಿಯ ಒತ್ತಡಕ್ಕೇ ಹಾಳೆ ಕೆಡಬಹುದು.

ಇಷ್ಟರಲ್ಲೂ ಅನುಮಾನ ಉಳಿದರೆ ಮೈಕ್‌ಸೆಟ್ ಅಂಗಡಿ ಇದ್ದೇ ಇದೆ. ಯಲ್ಲಮ್ಮನ ಗುಡ್ಡದ ಜಾತ್ರೆ ನಡೆಸುವ ಸವದತ್ತಿ ಸೀಮೆಯಲ್ಲಿ ಧ್ವನಿವರ್ಧಕ ಬಿಚ್ಚಿ ಕೂಡಿಸುವವರಿಗೆ ಬರವಿಲ್ಲ. ಅವರ ಮೇಜಿನ ಮೇಲೆ ಮಲ್ಟಿಮೀಟರ್ ಇರುತ್ತದೆ. ಹೆಡ್‌ಫೋನ್ ಪಿನ್ನಿನ ತುದಿ ಎಡಗಿವಿಯದು, ನಡುವಿನ ಉಂಗುರ ಬಲಗಿವಿಯದು, ಬುಡ ಎರಡಕ್ಕೂ ಸೇರಿದ್ದು. ಮೀಟರಿನ ಕಪ್ಪು ಮುಳ್ಳನ್ನು ಬುಡಕ್ಕೂ ಕೆಂಪನ್ನು ತುದಿಗೂ, ಬಳಿಕ ಉಂಗುರಕ್ಕೂ ತಾಗಿಸಿದರೆ ಎರಡು ಅಂಕಿ ಬರುತ್ತವೆ. 300 ಓಮ್‌ನ ಜೋಡಿ ಎರಡೂ ಕಡೆ 300ರ ಆಸುಪಾಸು ತೋರಿಸಬೇಕು. ಒಂದು ಕಡೆ ಅಂಕಿಯೇ ಬರದಿದ್ದರೆ ಅಂಗಡಿಯವರು ತಲೆಯೆತ್ತದೆಯೇ ಹೇಳಿಬಿಡುತ್ತಾರೆ: ‘ಇದ ಲೆಫ್ಟ್ ಸತ್ತೈತ್ರಿ ಅಣ್ಣಾರ, ವೈರ್ ಬಿಟ್ಟೈತಿ.’ ಅಲ್ಲಿಗೆ ನಿಲ್ಲಿಸಬೇಕು. ‘ಹತ್ತ ನಿಮಿಷದಾಗ ಬೆಸಗಿ ಹಾಕಿ ಕೊಡ್ತೀನ್ರಿ’ ಎಂದಾಗ ಆಸೆಪಟ್ಟು ಬಿಚ್ಚಿಸಿದರೆ ವಾರಂಟಿ ಅಲ್ಲಿಯೇ ಮುಗಿಯಿತು.

ದೋಷವಲ್ಲದ್ದನ್ನು ದೋಷವೆಂದು ವಾಪಸು ಕಳಿಸುವುದೂ ನಡೆಯುತ್ತದೆ. 300 ಓಮ್‌ನ ಹೆಡ್‌ಫೋನನ್ನು ಮೊಬೈಲಿಗೆ ನೇರ ಚುಚ್ಚಿ ‘ಸೌಂಡೇ ಇಲ್ಲ’ ಎನ್ನುವುದು, ಹೈಫೈಮ್ಯಾನ್ ಎಚ್‌ಇ400ಎಸ್‌ಇಯಂಥ 91 ಡೆಸಿಬಲ್ ಸಂವೇದನೆಯ ಪ್ಲೇನಾರನ್ನು ಟಿವಿಗೆ ಹಾಕಿ ಮೂಗು ಮುರಿಯುವುದು. ಇವುಗಳಿಗೆ ಆಂಪ್ಲಿಫೈಯರ್ ಬೇಕು. ಆ ಖರ್ಚನ್ನು ಸೇರಿಸಿ ನೋಡಿದರೆ ಎಷ್ಟೋ ‘ಅರ್ಧ ಬೆಲೆ’ ಪೂರ್ತಿ ಬೆಲೆಗೆ ಬಂದು ನಿಲ್ಲುತ್ತದೆ.

ಮಾರುವವರ ಒಂದು ಮಾತಿನ ಬಗ್ಗೆ ಮಾತ್ರ ಎಚ್ಚರ ಬೇಕು: ‘ನೂರು ಗಂಟೆ ನುಡಿಸಿ, ಬರ್ನ್–ಇನ್ ಆದ ಮೇಲೆ ಸರಿಹೋಗುತ್ತದೆ.’ ದಿಂಬು ಮೆತ್ತಗಾಗಿ ಸದ್ದು ತುಸು ಬದಲಾಗಬಹುದು. ಎಡ–ಬಲದ ಹೊಂದಾಣಿಕೆ ತಪ್ಪಿದ್ದು, ಪರಪರ ಸದ್ದು, ಸತ್ತ ಡ್ರೈವರ್ ಇವು ಸಾವಿರ ಗಂಟೆ ನುಡಿಸಿದರೂ ಸರಿಹೋಗುವುದಿಲ್ಲ. ದಿನಕ್ಕೆರಡು ತಾಸು ಕೇಳುವವರಿಗೆ ನೂರು ಗಂಟೆ ಎಂದರೆ ಐವತ್ತು ದಿನ. ವಾಪಸು ಕೊಡುವ ಅವಧಿ ಸಾಮಾನ್ಯವಾಗಿ ಒಂದು ವಾರ, ಹತ್ತು ದಿನ. ಲೆಕ್ಕ ಯಾರ ಕಡೆ ವಾಲುತ್ತದೆಂದು ಹೇಳಬೇಕಿಲ್ಲ. ಹಾಗಾಗಿ ಡಬ್ಬಿ ಬಿಚ್ಚುವಾಗಲೇ ಕತ್ತರಿಸದೆ ಒಂದೇ ವಿಡಿಯೊ, ಅದರಲ್ಲಿ ಪಾರ್ಸೆಲ್ಲಿನ ಚೀಟಿ ಮತ್ತು ಹೆಡ್‌ಫೋನಿನ ಸೀರಿಯಲ್ ಸಂಖ್ಯೆ ಎರಡೂ ಕಾಣಬೇಕು. ಪರೀಕ್ಷೆಯೆಲ್ಲ ಮೊದಲ ಎರಡು ಸಂಜೆಯಲ್ಲೇ ಮುಗಿಯಬೇಕು.

ಮಾರಿದವರು ಒಪ್ಪದಿದ್ದರೆ? ಇಲ್ಲಿ ಕಾನೂನು ಹಳ್ಳಿಯ ಗ್ರಾಹಕನ ಕಡೆ ಒಂದು ಹೆಜ್ಜೆ ಬಂದಿದೆ. 1986ರ ಹಳೆಯ ಕಾಯ್ದೆಯಡಿ ಎದುರುಪಕ್ಷ ಇರುವಲ್ಲಿ ಇಲ್ಲವೇ ವ್ಯವಹಾರದ ಕಾರಣ ಹುಟ್ಟಿದಲ್ಲಿ ದೂರು ಕೊಡಬೇಕಿತ್ತು. ಚೆನ್ನೈನದೋ ಗುರುಗ್ರಾಮದ್ದೋ ಮಾರಾಟಗಾರನ ಮೇಲೆ ರಾಮದುರ್ಗದವರು ದೂರು ಹಾಕುವುದೆಂದರೆ ಮೊದಲು ಜಾಗದ ಜಗಳ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂದಿತು. ಈ ನಾಲ್ಕೂ ತಾಲ್ಲೂಕಿನವರಿಗೆ ಅದು ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ದೂರನ್ನು ಆನ್‌ಲೈನಿನಲ್ಲೇ ಸಲ್ಲಿಸಬಹುದು, ವಿಚಾರಣೆಗೆ ವಿಡಿಯೊ ಮೂಲಕ ಹಾಜರಾಗಲು ಕಾಯ್ದೆಯಲ್ಲೇ ಅವಕಾಶವಿದೆ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಹೋಗಬೇಕು.

ಅದಕ್ಕೂ ಮುಂಚಿನ ಮೆಟ್ಟಿಲುಗಳಿವೆ. ಇ–ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಮಳಿಗೆಯ ದೂರು ಅಧಿಕಾರಿ 48 ಗಂಟೆಯಲ್ಲಿ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸು ಪಡೆಯಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಕಾಯ್ದೆ ಹೆಸರಿಟ್ಟು ಹೇಳಿದೆ. ‘ಎರಡೇ ಉಳಿದಿವೆ, ಬೇಗ ಕೊಳ್ಳಿ’ ಎಂಬ ಸುಳ್ಳು ಅವಸರವನ್ನೂ 2023ರ ನವೆಂಬರ್ 30ರ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿಗಳು ನಿಷೇಧಿತ 13 ತಂತ್ರಗಳ ಪಟ್ಟಿಯಲ್ಲಿ ಸೇರಿಸಿವೆ.

ಆಯೋಗದ ಮುಂದೆ ಹೆಡ್‌ಫೋನಿನ ದೂರು ತುಸು ಕಷ್ಟದ್ದು, ಏಕೆಂದರೆ ಒಡೆದ ಫ್ರಿಜ್ಜಿನ ಬಾಗಿಲಿನಂತೆ ದೋಷವನ್ನು ತೋರಿಸಲಾಗದು. ಪರೀಕ್ಷೆಯಿಲ್ಲದೆ ದೋಷ ತಿಳಿಯದ ಸರಕನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಅಂಥ ಪ್ರಕರಣಕ್ಕೆ ಐದು ತಿಂಗಳ, ಪರೀಕ್ಷೆ ಬೇಡದ ಪ್ರಕರಣಕ್ಕೆ ಮೂರು ತಿಂಗಳ ಗುರಿಯನ್ನು ಕಾಯ್ದೆ ಹಾಕಿಕೊಟ್ಟಿದೆ. ಮಲ್ಟಿಮೀಟರಿನ ಎರಡು ಅಂಕಿಗಳ ಫೋಟೊ, ಬಿಲ್ಲು, ಡಬ್ಬಿಯ ಚೀಟಿ, ಮಾರಾಟಗಾರನ ಜೊತೆಗಿನ ಪತ್ರವ್ಯವಹಾರ ಆಗ ಕೆಲಸಕ್ಕೆ ಬರುತ್ತವೆ. ಜನಪದ ಹಾಡುಗಳ ರೆಕಾರ್ಡಿಂಗ್ ಮಾಡುವ ಸ್ಟುಡಿಯೊದವರು ಇನ್ನೊಂದನ್ನು ಗಮನಿಸಬೇಕು. ವ್ಯಾಪಾರಕ್ಕಾಗಿ ಕೊಂಡವರನ್ನು ಕಾಯ್ದೆ ಗ್ರಾಹಕ ಎಂದು ಎಣಿಸುವುದಿಲ್ಲ. ಒಬ್ಬರೇ ಕೂತು ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವ ಸ್ಟುಡಿಯೊ ಆದರೆ ವಿನಾಯಿತಿ ಉಂಟು, ದೂರಿನ ಮೊದಲ ಪುಟದಲ್ಲೇ ಅದನ್ನು ಬರೆದಿರಬೇಕು.